ಒಂದು ಮಂಚಕ್ಕೆ ಒಬ್ಬಳೇ

"ಬಾಯಿ ತೆಗಿಯೇ ಬೇವರ್ಸಿ. ಮಾತಾಡುವಾಗ ಊರಗಲ ತೆಗೀತಿದ್ಯಲ್ಲ, ಈಗ ತೆಗಿ!"

ಸೂಪರ್‌ವೈಸರ್ ನನ್ನ ಕೆಳತುಟಿಯನ್ನು ಎರಡು ಬೆರಳಲ್ಲಿ ಎಳೆದು ಹಿಡಿದು, ಅದಕ್ಕೆ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿದ. ಕಣ್ಣಲ್ಲಿ ನೀರು ಬಂತು. ಅತ್ತದ್ದಲ್ಲ, ತುಟಿ ಹಿಂಡಿದರೆ ಕಣ್ಣೀರು ತಾನಾಗಿ ಬರುತ್ತದೆ. ಅನುಮಾನವಿದ್ದರೆ ನಿಮ್ಮ ತುಟಿಗೆ ಒಂದು ಸಿಕ್ಕಿಸಿಕೊಂಡು ನೋಡಿ.

ನಾನು ಆಡಿದ್ದು ಒಂದೇ ಮಾತು. ನನ್ನೆದುರು ಚಾದರದ ಆ ತುದಿ ಹಿಡಿದಿದ್ದವಳ ಮುಂಗೈಗೆ ಬಿಸಿ ರೋಲರು ತಾಗಿ ಬೊಬ್ಬೆ ಎದ್ದಿತ್ತು. "ಉರೀತಿದ್ಯಾ?" ಅಂದೆ. ಅಷ್ಟಕ್ಕೇ ಪಾಳಿ ಮುಗಿಯುವವರೆಗೆ ತುಟಿಗೆ ಕ್ಲಿಪ್ಪು.

"ಇಲ್ಲಿ ಕೈಗೆ ಕೆಲಸ, ಬಾಯಿಗಲ್ಲ," ಎಂದು ಅವನು ಶೆಡ್ಡಿನ ಎಲ್ಲರಿಗೂ ಕೇಳುವ ಹಾಗೆ ಕೂಗಿದ. "ನೆಂಟಸ್ತಿಕೆ ಬೆಳೆಸೋಕೆ ಬಂದಿದ್ದೀರೇನ್ರೇ ಲೌಡಿಗಳಾ? ಕ್ಲಿಪ್ಪು ಕಿತ್ತು ಹಾಕಿದ್ರೆ ನಾಳೆ ಎರಡು ಹಾಕ್ತೀನಿ, ನೆನಪಿರ್ಲಿ."

ಎದುರಿನವಳು ತಲೆ ಎತ್ತಲಿಲ್ಲ. ಮುಂದಿನ ಚಾದರದ ಮೂಲೆ ಹಿಡಿದು ನಿಂತಳು. ನಾನೂ ಹಿಡಿದೆ.

ಊರಿನ ದೊಡ್ಡ ಹೋಟೆಲುಗಳ, ಆಸ್ಪತ್ರೆಗಳ ಚಾದರಗಳೆಲ್ಲ ತೊಳೆಯಲು ನಮ್ಮ ಶೆಡ್ಡಿಗೆ ಬರುತ್ತವೆ. ಯಾರ್ಯಾರೋ ಮಲಗಿದ್ದು, ಹೊರಳಾಡಿದ್ದು, ಹೆತ್ತದ್ದು, ಸತ್ತದ್ದು ಎಲ್ಲ ಒಂದೇ ನೀರಿನಲ್ಲಿ ಕೊಚ್ಚಿ ಹೋಗುತ್ತದೆ. ತೊಳೆದದ್ದನ್ನು ಕೋಣೆಯಷ್ಟು ಉದ್ದದ ಬಿಸಿ ರೋಲರಿಗೆ ಕೊಟ್ಟರೆ ಆ ಕಡೆ ಇಸ್ತ್ರಿಯಾಗಿ ಬರುತ್ತದೆ. ಆ ಕಡೆ ನಾವು ನಿಂತಿರುತ್ತೇವೆ, ಮಡಿಸುವವರು. ಚಾದರ ಮಡಿಸಲು ಇಬ್ಬರು ಬೇಕು. ಅವಳಿಗೆ ಎರಡು ಮೂಲೆ, ನನಗೆ ಎರಡು ಮೂಲೆ. ಎಳೆದು, ಕೊಡವಿ, ಮಡಿಸಿ, ಒಬ್ಬರ ಹತ್ತಿರ ಒಬ್ಬರು ನಡೆದು ಬರಬೇಕು. ಬೆರಳಿಗೆ ಬೆರಳು ತಾಗುತ್ತದೆ, ಅವಳ ಮೂಲೆಗಳು ನನ್ನ ಕೈಗೆ ಬರುತ್ತವೆ, ಅವಳು ಹಿಂದೆ ಸರಿಯುತ್ತಾಳೆ. ಮುಂದಿನ ಚಾದರ. ಮತ್ತೆ ಹತ್ತಿರ, ಮತ್ತೆ ದೂರ. ಎದುರಿನವಳ ಮೂಗಿನ ಪಕ್ಕದ ಮಚ್ಚೆ ಗೊತ್ತು, ಉಸಿರಿನ ವಾಸನೆ ಗೊತ್ತು, ಬೆಳಿಗ್ಗೆ ಅತ್ತು ಬಂದಿದ್ದಾಳೋ ಇಲ್ಲವೋ ಅದೂ ಗೊತ್ತು. ಹೆಸರು ಗೊತ್ತಿಲ್ಲ.

ಕಣ್ಣಿನಲ್ಲೇ ಒಂದಿಷ್ಟು ಪರಿಚಯ ಆಗುವಷ್ಟರಲ್ಲಿ ಸೋಮವಾರ ಬರುತ್ತದೆ. ಸೋಮವಾರ ಜೊತೆ ಬದಲು. ಹಿಂದೆಲ್ಲ ಹೀಗಿರಲಿಲ್ಲವಂತೆ. ಯಾವಾಗಲೋ ಹೆಂಗಸರೆಲ್ಲ ಸೇರಿಕೊಂಡು ರೋಲರು ನಿಲ್ಲಿಸಿ ಕೂತಿದ್ದರಂತೆ. ಆಮೇಲೆ ಧಣಿಗೆ ಬುದ್ಧಿ ಬಂತು. ಮಾತು ಬಂದ್, ಜೊತೆ ಬದಲು, ವಾರದ ರಜೆ ಒಬ್ಬೊಬ್ಬರಿಗೆ ಒಂದೊಂದು ದಿನ. ಹುಡುಗಿಯರು ಒಂಟಿಯಾಗಿದ್ದಷ್ಟೂ ಚಾದರ ಬೇಗ ಮಡಿಸುತ್ತಾರೆ ಎಂದು ಆ ಮಹಾನುಭಾವನಿಗೆ ಯಾರು ಹೇಳಿಕೊಟ್ಟರೋ ಕಾಣೆ.

ನಾವು ಇರುವುದು ಶೆಡ್ಡಿನ ಹಿಂದಿನ ಕಟ್ಟಡದಲ್ಲಿ. ಕೋಣೆಗೆ ಒಂದೇ ಕಿಟಕಿ, ಅದರಾಚೆ ಗೋಡೆ. ಮಂಚಗಳ ನಡುವೆ ಅಡ್ಡಡ್ಡ ನಡೆಯಬೇಕು. ಒಂದೊಂದು ಮಂಚಕ್ಕೆ ಇಬ್ಬರು, ಹಗಲಿನವಳು, ರಾತ್ರಿಯವಳು. ನಾನು ಕೆಲಸಕ್ಕೆ ಹೋದಾಗ ಅವಳು ಮಲಗುತ್ತಾಳೆ, ಅವಳು ಹೋದಾಗ ನಾನು. ಇಬ್ಬರೂ ಒಟ್ಟಿಗೆ ಮಲಗುವ ಹಾಗಿಲ್ಲ. ಬಾಗಿಲ ಮೇಲೆ ವಾರ್ಡನ್ ದಪ್ಪ ಅಕ್ಷರದಲ್ಲಿ ಬರೆಸಿದ್ದಾಳೆ: ಒಂದು ಮಂಚಕ್ಕೆ ಒಬ್ಬಳೇ.

ನನ್ನ ಮಂಚದ ರಾತ್ರಿಯವಳನ್ನು ನಾನು ಅಕ್ಕ ಅನ್ನುತ್ತಿದ್ದೆ. ಅವಳು ಸಿಗುತ್ತಿದ್ದದ್ದು ಶೆಡ್ಡಿನ ಗೇಟಿನ ಹತ್ತಿರ, ಪಾಳಿ ಬದಲಾಗುವಾಗ. ರಬ್ಬರ್ ಬೂಟು ಕೂಡ ಇಬ್ಬರಿಗೆ ಒಂದೇ ಜೊತೆ. ಅವಳು ಬಿಚ್ಚಿ ಕೊಡಬೇಕು, ನಾನು ಹಾಕಿಕೊಳ್ಳಬೇಕು. ಬೂಟಿನೊಳಗೆ ಅವಳ ಕಾಲಿನ ಬಿಸಿ ಇರುತ್ತಿತ್ತು.

"ಬಿಸಿ ಇದೆ, ಬೇಗ ಹಾಕ್ಕೋ," ಅನ್ನುತ್ತಿದ್ದಳು. ಇಡೀ ದಿನದಲ್ಲಿ ನನಗಾಗಿ ಒಬ್ಬರು ಆಡುತ್ತಿದ್ದ ಮಾತು ಅದೊಂದೇ. ಮನೆಗೆ ಫೋನ್ ಮಾಡಿದರೆ ಚಿಕ್ಕಮ್ಮ ಎತ್ತಿ, "ಇವ್ರು ಈಗಷ್ಟೇ ಮಲಗಿದ್ರು," ಅನ್ನುತ್ತಿದ್ದಳು. ಅಪ್ಪ ಯಾವ ಹೊತ್ತಿಗೆ ಮಾಡಿದರೂ ಈಗಷ್ಟೇ ಮಲಗಿರುತ್ತಿದ್ದ. ಕಡೆಗೆ ಮಾಡುವುದನ್ನೇ ಬಿಟ್ಟೆ. ಒಂಟಿತನ ಅಂದರೆ ಜನ ಇಲ್ಲದ ಕಡೆ ಇರುವುದು ಅಂತ ನಾನೂ ತಿಳಿದಿದ್ದೆ. ಜನರ ಮೈ ತಿಕ್ಕಿಕೊಂಡೇ ಓಡಾಡುತ್ತ, ಇನ್ನೊಬ್ಬಳ ಬೆವರಿನ ದಿಂಬಿನ ಮೇಲೆ ತಲೆಯಿಟ್ಟುಕೊಂಡು, ಸತ್ತರೂ ಪಾಳಿ ಬದಲಾಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲವಲ್ಲ ಎಂದು ಹೆದರುವುದು, ಅದು ಇಲ್ಲಿ ಬಂದ ಮೇಲೆ ಗೊತ್ತಾಯಿತು.

ಚಳಿಗಾಲದಲ್ಲಿ ಒಂದು ದಿನ ಜ್ವರ ಬಂತು. ಹಗಲಿಗೆ ಮಂಚ ರಾತ್ರಿಯವಳದ್ದು. ಹಾಗಾಗಿ ಜ್ವರ ಬಂದ ಹಗಲಿನವಳು ವರಾಂಡದ ಬೆಂಚಿನ ಮೇಲೆ ಕೂರಬೇಕು, ಅದೂ ಕಾನೂನು. "ಕೂತ್ಕೊಂಡೇ ನರಳು, ಅಡ್ಡ ಬಿದ್ದುಕೊಂಡ್ರೆ ಜಾಸ್ತಿಯಾಗತ್ತೆ," ಎಂದು ವಾರ್ಡನ್ ವೈದ್ಯವನ್ನೂ ಹೇಳಿ ಹೋದಳು. ಹಲ್ಲು ಕಟಕಟ ಅನ್ನುತ್ತಿತ್ತು. ಪಾಳಿ ಮುಗಿಸಿ ಬಂದ ಅಕ್ಕ ನನ್ನನ್ನು ನೋಡಿದಳು, ಆಚೀಚೆ ನೋಡಿದಳು.

"ಏಳು," ಅಂದಳು. "ಆ ಮುದಿ ಗೂಬೆ ಟೀವಿ ಮುಂದೆ ಕೂತಿದ್ದಾಳೆ. ಸದ್ದು ಮಾಡ್ಬೇಡ."

ಮಂಚದಲ್ಲಿ ನನ್ನನ್ನು ಗೋಡೆಯ ಕಡೆಗೆ ನೂಕಿ ತಾನೂ ಮಲಗಿ, ಕಂಬಳಿಯನ್ನು ಇಬ್ಬರ ತಲೆಯ ಮೇಲೂ ಎಳೆದಳು. ಅವಳ ಮೈಯಿಂದ ಸೋಪಿನ ಪುಡಿಯ ಘಾಟು ಬರುತ್ತಿತ್ತು. ಅಷ್ಟು ತಿಂಗಳಿಂದ ಒಂದೇ ಮಂಚದಲ್ಲಿ ಮಲಗಿದವರು, ಗೇಟಿನಲ್ಲಿ ಬೂಟಿಗೆ ಬಗ್ಗಿದ ತಲೆಯನ್ನಷ್ಟೇ ಕಂಡವರು, ಅವತ್ತು ಮೊದಲ ಸಲ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿದೆವು.

"ಅಯ್ಯೋ, ನಿನ್ನ ಮೂತಿ ಇಷ್ಟು ಚಿಕ್ಕದಾ!" ಅಂದಳು. "ದಿಂಬಿನ ಗುಳಿ ನೋಡಿ ಯಾವಳೋ ದಪ್ಪ ತಲೆಯವಳು ಅಂದ್ಕೊಂಡಿದ್ದೆ."

ನಗು ತಡೆಯಲಾರದೆ ಕಂಬಳಿ ಕಚ್ಚಿದೆ. ಅವತ್ತು ಇಡೀ ಹಗಲು ಪಿಸುಪಿಸು ಮಾತಾಡಿದೆವು. ಸೂಪರ್‌ವೈಸರನ ನಡಿಗೆಯನ್ನು ಅವಳು ಕಂಬಳಿಯೊಳಗೇ ಎರಡು ಬೆರಳಲ್ಲಿ ಮಾಡಿ ತೋರಿಸಿದಳು. ಕುಡುಕ ಗಂಡನನ್ನು ಬಿಟ್ಟು ಬಂದ ಕಥೆಯನ್ನು ಬೇರೆ ಯಾರದ್ದೋ ಪೇಚಾಟ ಎಂಬಂತೆ ನಗುನಗುತ್ತಲೇ ಹೇಳಿದಳು. "ಹುಟ್ಟಿದಾಗಿಂದ ನಾನು ಒಬ್ಬಳೇ ಮಲಗಿದ್ದೇ ಇಲ್ಲ ಕಣೆ. ಮನೇಲಿ ಐದು ಜನಕ್ಕೆ ಒಂದು ಚಾಪೆ. ಆಮೇಲೆ ಆ ನಾಯಿ. ಈಗ ನಿನ್ನ ಬೆವರು," ಅಂದಳು. ನಾನು ನಕ್ಕೆ. ತಮಾಷೆ ಅಂದುಕೊಂಡೆ.

ನಾನೂ ಹೇಳಿದೆ. ಯಾರಿಗೂ ಹೇಳದ್ದು. "ಅಕ್ಕ, ನಗಬಾರ್ದು. ಚಾದರ ಮಡಿಸುವಾಗ ಎದುರಿನವಳ ಬೆರಳು ತಾಗತ್ತಲ್ಲ, ನಾನು ಬೇಕು ಅಂತಲೇ ಒಂಚೂರು ತಡೆದು ಬಿಡ್ತೀನಿ. ಅವರಿಗೆ ಗೊತ್ತಾಗಲ್ಲ. ಯಾರದ್ದಾದ್ರೂ ಕೈ ಹಿಡ್ಕೊಂಡ ಹಾಗಾಗತ್ತೆ. ಅಷ್ಟೇ."

ಅವಳು ನಗಲಿಲ್ಲ. ನನ್ನ ಕೈ ತೆಗೆದುಕೊಂಡು ತನ್ನ ಕಂಕುಳಲ್ಲಿ ಇಟ್ಟುಕೊಂಡಳು. ಜ್ವರದ ಕೈ ಬೆಚ್ಚಗೆ ಅಲ್ಲೇ ಇತ್ತು. ದೇವರಾಣೆ ಹೇಳುತ್ತೇನೆ, ಅವತ್ತು ಅವಳು ಸಾಯಿ ಅಂದಿದ್ದರೆ ಯಾಕೆ ಎಂದು ಕೇಳದೆ ಸಾಯುತ್ತಿದ್ದೆ.

ಮಾತು ಎತ್ತಿದವಳೂ ನಾನೇ. ವಾರಕ್ಕೆ ಒಂದು ದಿನ ರೋಲರು ನಿಲ್ಲಲಿ. ಎಲ್ಲರಿಗೂ ಒಂದೇ ದಿನ ರಜೆ ಕೊಡಲಿ. ಹಗಲಿನವರು ರಾತ್ರಿಯವರು ಒಂದು ದಿನ ಒಟ್ಟಿಗೆ ಕೂತು ತಲೆ ಬಾಚಿಕೊಳ್ಳಲಿ, ಜಗಳವಾದರೂ ಆಡಲಿ. ಇನ್ನೇನೂ ಬೇಡ.

"ಕೇಳಿದ್ರೆ ಕೊಡ್ತಾನಾ?" ಅಂದಳು ಅಕ್ಕ.

"ಒಬ್ಬಳೇ ಕೇಳಿದ್ರೆ ಕ್ಲಿಪ್ಪು ಹಾಕ್ತಾನೆ. ಎಲ್ಲರೂ ಕೂತ್ರೆ?"

"ರಾತ್ರಿಯವರನ್ನ ನಾನು ನೋಡ್ಕೋತೀನಿ," ಅಂದಳು.

ಸುದ್ದಿ ಬೂಟಿನ ಜೊತೆ ಹರಡಿತು. ಬೂಟು ಬದಲಿಸುವಾಗ ಎಲ್ಲರೂ ಬಗ್ಗಲೇಬೇಕು. ಬಗ್ಗಿದಾಗ ತಲೆಗೆ ತಲೆ ಹತ್ತಿರ ಬರುತ್ತದೆ, ಕಾವಲಿನವನಿಗೆ ಬೆನ್ನುಗಳಷ್ಟೇ ಕಾಣುತ್ತವೆ. ಒಬ್ಬಳು ಹೇಳುವುದು, ಇನ್ನೊಬ್ಬಳು ತನ್ನ ಪಾಳಿಯ ಪಕ್ಕದವಳಿಗೆ ದಾಟಿಸುವುದು. ಶನಿವಾರ ಸಂಜೆ ಗಂಟೆ ಹೊಡೆದಾಗ ಹಗಲಿನವರು ಗೇಟು ದಾಟಿ ಕೋಣೆಗೆ ಹೋಗಬಾರದು, ರಾತ್ರಿಯವರು ಒಳಗೆ ಹೋಗಬಾರದು. ಮೊದಲು ಅಕ್ಕ ಕೂರುತ್ತಾಳೆ, ಆಮೇಲೆ ಎಲ್ಲರೂ ಅಲ್ಲೇ ನೆಲದ ಮೇಲೆ ಕೂರುವುದು. ಧಣಿ ಬರುವವರೆಗೆ ಏಳುವುದಿಲ್ಲ. ಆ ವಾರ ಶೆಡ್ಡಿನಲ್ಲಿ ಯಾರೂ ಮಾತಾಡಲಿಲ್ಲ, ಆದರೆ ಚಾದರದ ಆ ತುದಿಯಿಂದ ಬರುವ ಕಣ್ಣುಗಳು ಬೇರೆಯೇ ಇದ್ದವು. ಆ ಮುಂಗೈ ಬೊಬ್ಬೆಯವಳು ಆ ವಾರ ಮತ್ತೆ ನನ್ನ ಜೊತೆ ಬಿದ್ದಿದ್ದಳು, ಒಂದು ಸಲ ನನ್ನ ಬೆರಳನ್ನು ತಾನೇ ಒತ್ತಿದಳು. ನನಗೆ ಹಾರಿಹೋಗುವಷ್ಟು ಖುಷಿಯಾಯಿತು.

ಶನಿವಾರ ಗಂಟೆ ಹೊಡೆಯಿತು. ನಾವು ಹೊರಗೆ ಬಂದು ಗೇಟಿನ ಹತ್ತಿರ ನಿಂತೆವು. ರಾತ್ರಿಯವರ ಸಾಲು ಆಚೆ ಇತ್ತು. ಸೂಪರ್‌ವೈಸರ್ ಗೇಟಿಗೆ ಒರಗಿ ಚಹಾ ಕುಡಿಯುತ್ತಿದ್ದ. ಬೈಯಲಿಲ್ಲ, ಅವಸರ ಮಾಡಲಿಲ್ಲ. ಲೋಟದ ತಳದ ಚಹಾವನ್ನು ಸದ್ದು ಮಾಡಿ ಹೀರಿದ.

"ಏನ್ರಮ್ಮಾ, ಕೂರೋರು ಕೂತ್ಕೊಳ್ಳಿ," ಅಂದ. "ಗೇಟಿನ ಮುಂದೆ ಗುಡಿಸಿಸಿದ್ದೀನಿ. ಚಾದರ ಹಾಸಿಕೊಡ್ಲಾ?"

ಯಾರೂ ಅಲುಗಾಡಲಿಲ್ಲ. ನಾನು ಅಕ್ಕನನ್ನು ನೋಡಿದೆ. ಅವಳು ನನ್ನನ್ನು ನೋಡಲಿಲ್ಲ, ಬೂಟು ಕೊಡು ಎಂದೂ ಕೈ ಚಾಚಲಿಲ್ಲ. ಅವಳ ಕಾಲಲ್ಲಿ ಬೂಟಿತ್ತು. ಹೊಸದು, ಕಪ್ಪಗೆ ಹೊಳೆಯುತ್ತಿತ್ತು. ನಮ್ಮ ಬೂಟು ಇನ್ನೂ ನನ್ನ ಕಾಲಲ್ಲೇ ಇತ್ತು.

ನಾನು ಕೂತೆ. ಅವಳು ಕೂರಬೇಕಿದ್ದ ಜಾಗದಲ್ಲಿ, ಒಬ್ಬಳೇ, ಧೊಪ್ಪೆಂದು ಕೂತೆ. ಅಕ್ಕ ನನ್ನ ಪಕ್ಕದಿಂದಲೇ ಹಾದು ಒಳಗೆ ಹೋದಳು. ಹೊಸ ರಬ್ಬರು ಕೀಚ್ ಕೀಚ್ ಅನ್ನುತ್ತಿತ್ತು. ಅವಳ ಹಿಂದೆ ಒಬ್ಬಳು, ಆಮೇಲೆ ಇನ್ನೊಬ್ಬಳು, ಆಮೇಲೆ ಇಡೀ ಸಾಲು ಗೇಟಿನ ಕಡೆ ಸರಿಯಿತು. ನನ್ನ ಕಡೆಯವರೂ ಒಬ್ಬೊಬ್ಬರಾಗಿ ಬೂಟು ಬಿಚ್ಚಿ ಕೊಟ್ಟು ಜಾಗ ಖಾಲಿ ಮಾಡತೊಡಗಿದರು.

"ನಿಲ್ರೇ, ಒಂದು ನಿಮಿಷ," ಎಂದು ಸೂಪರ್‌ವೈಸರ್ ಎಲ್ಲರನ್ನೂ ತಡೆದ. "ಇವಳಿಗೆ ರಜೆ ಯಾಕೆ ಬೇಕು ಗೊತ್ತಾ? ನಿಮ್ಮ ಕೈ ಹಿಡ್ಕೊಳ್ಳೋಕೆ! ಚಾದರ ಮಡಿಸುವಾಗ ದಿನಾ ನಿಮ್ಮ ಬೆರಳು ಸವರ್ತಾಳಂತೆ ಕಣ್ರೇ. ಕೈ ಹಿಡ್ಕೊಂಡ ಹಾಗಾಗತ್ತಂತೆ ಇವಳಿಗೆ. ನೋಡ್ಕೊಳ್ಳಿ, ಎಲ್ಲೆಲ್ಲಿ ಸವರಿದ್ದಾಳೋ!"

ಕಾವಲಿನವನು ಗಹಗಹಿಸಿದ. ಆಮೇಲೆ ಹುಡುಗಿಯರೂ ನಕ್ಕರು. ಹೆದರಿ ನಕ್ಕರೋ, ನಿಜವಾಗಿ ನಕ್ಕರೋ, ಕೂತಿದ್ದವಳಿಗೆ ನಗು ಒಂದೇ ಥರ ಕೇಳುತ್ತದೆ. ಬೊಬ್ಬೆಯವಳು ನಗಲಿಲ್ಲ. ತನ್ನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಎರಡೂ ಕಡೆ, ಚೆನ್ನಾಗಿ ಒರೆಸಿಕೊಂಡಳು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಇನ್ನೆಲ್ಲಾದರೂ ಹೋಗಿ ಯಾರ ಹತ್ತಿರವಾದರೂ ಬಾಯಿ ಬಿಡುತ್ತಿದ್ದೆ. ಇಟ್ಟುಕೊಂಡೇ ಕೊಲ್ಲುವುದು ಅವನಿಗೆ ಗೊತ್ತಿತ್ತು. ಮಡಿಸುವ ಜಾಗದಿಂದ ಎತ್ತಿ, ಕೊಳೆ ಚಾದರ ಬಿಚ್ಚುವ ಮೂಲೆಗೆ ಹಾಕಿದ. ಅಲ್ಲಿ ಒಬ್ಬಳೇ ಸಾಕು.

ಅಕ್ಕ ಕೋಣೆಯ ಲೀಡರ್ ಆದಳು. ರೋಲರಿನ ಕೆಲಸ ತಪ್ಪಿತು. ಬೆಳಿಗ್ಗೆ ಸಂಜೆ ಎಲ್ಲರನ್ನೂ ಎಬ್ಬಿಸಿ ಪಾಳಿಗೆ ಅಟ್ಟುವುದು, ಯಾರು ಏನು ಮಾತಾಡಿದರು ಎಂದು ವರದಿ ಒಪ್ಪಿಸುವುದು, ಇಷ್ಟೇ ಈಗ ಅವಳ ಕೆಲಸ. ಕಿಟಕಿಯ ಪಕ್ಕ ಅವಳಿಗೆಂದೇ ಒಂದು ಮಂಚ ಹಾಕಿ ಸುತ್ತ ಪರದೆ ಕಟ್ಟಿಕೊಟ್ಟರು. ಹಗಲಿಗೂ ಅವಳದ್ದೇ, ರಾತ್ರಿಗೂ ಅವಳದ್ದೇ.

ಒಂದು ಸಂಜೆ ಪರದೆ ಸರಿಸಿ ನಿಂತೆ. ಅವಳು ಕೈಕಾಲು ಅಗಲಿಸಿ ಮಲಗಿದ್ದವಳು ಎದ್ದು ಕೂತಳು.

"ಯಾಕಕ್ಕ?" ಅಂದೆ. ಬೈಗುಳ ಇಷ್ಟುದ್ದ ಹೊಸೆದುಕೊಂಡು ಹೋಗಿದ್ದೆ, ಬಾಯಿಂದ ಬಂದದ್ದು ಅಷ್ಟೇ.

"ಯಾಕೆ ಅಂದ್ರೆ?" ಅವಳು ದಿಂಬನ್ನು ಮಡಿಲಿಗೆ ಎಳೆದುಕೊಂಡಳು. "ನೋಡು. ಇದು. ಯಾರ ಕೂದಲೂ ಇಲ್ಲ, ಯಾರ ಬೆವರೂ ಇಲ್ಲ. ನೀನು ಬಾಯಿ ಬಿಟ್ರೆ ಯಾರಾದ್ರೂ ಬೇಕು, ಯಾರಾದ್ರೂ ಬೇಕು ಅಂತಿದ್ದೆ. ನಂಗೆ ಯಾರೂ ಬೇಡ್ವಾಗಿತ್ತು ಕಣೆ. ಒಂದೇ ಒಂದು ದಿನ ನನ್ನ ಪಾಡಿಗೆ ನಾನು ಕಾಲು ಚಾಚಿದ್ರೆ ಸಾಕು ಅನ್ನಿಸಿತ್ತು. ನಿನಗೇನು ಗೊತ್ತು?"

"ತಗೋ, ಚಾಚ್ಕೋ. ನನ್ನ ಬೆರಳಿನ ವಿಷಯ ಯಾಕೆ ಹೇಳ್ದೆ?"

ಅವಳ ಮುಖ ಸಣ್ಣಗಾಯಿತು. "ದಿನ, ಹೊತ್ತು ಹೇಳಿದ್ರೆ ನಂಬಲಿಲ್ಲ ಅವನು. ಅವಳ ಒಳಗಿನ ಮಾತು ಏನಾದ್ರೂ ಹೇಳು, ಆಗ ನಂಬ್ತೀನಿ ಅಂದ."

"ಬೇರೆ ಏನಾದ್ರೂ ಹೇಳ್ಬೋದಿತ್ತಲ್ಲೇ, ಬಿಕನಾಸಿ! ಕಳ್ಳಿ ಅನ್ನಬೇಕಿತ್ತು, ಸೂಳೆ ಅನ್ನಬೇಕಿತ್ತು. ನನ್ನ ಹತ್ರ ಇದ್ದದ್ದೇ ಅದೊಂದು."

ಅವಳು ಪರದೆ ಎಳೆದುಕೊಂಡಳು. ಪರದೆಗೆ ಉಗಿದು ಬಂದೆ. ನಂಬಿಸಿ ಕತ್ತು ಕೊಯ್ದವಳ ಮೇಲೆ ಸಿಟ್ಟಿಗಿಂತ ಹೆಚ್ಚಾಗಿ, ಆ ಕಂಕುಳಿನ ಬಿಸಿ ಮತ್ತೆ ಬೇಕು ಅನ್ನಿಸುತ್ತಿತ್ತಲ್ಲ, ಅದಕ್ಕೆ ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ನನ್ನ ಮಂಚಕ್ಕೆ ಹೊಸ ರಾತ್ರಿಯವಳು ಬಂದಳು. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು, ಎತ್ತರದ ಆಳು. ನನ್ನ ಹತ್ತಿರ ಮಾತಾಡಬಾರದು ಎಂದು ಅವಳಿಗೆ ಮೊದಲೇ ಹೇಳಿದ್ದರು. ಬೂಟು ನೆಲಕ್ಕಿಟ್ಟು ಹೋಗುತ್ತಿದ್ದಳು, ನಾನು ಎತ್ತಿಕೊಳ್ಳುತ್ತಿದ್ದೆ. ನನಗೂ ಸಾಕಾಗಿತ್ತು. ಯಾರ ಸಹವಾಸವೂ ಬೇಡ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಒಂದು ಬೆಳಿಗ್ಗೆ ಅವಳು ಗೇಟಿನಿಂದ ಹೊರಗೆ ಬಂದವಳು ಬೂಟು ಬಿಚ್ಚಲಿಲ್ಲ. ಗೋಡೆ ಹಿಡಿದು ನಿಂತಳು. ತೊಳೆಯುವ ಯಂತ್ರದ ಕುದಿಯುವ ನೀರು ಬೂಟಿನೊಳಗೆ ನುಗ್ಗಿತ್ತು. ಅದು ಆಗಿದ್ದು ಯಾವಾಗಲೋ, ಪಾಳಿ ಮುಗಿಯದೆ ಬಿಡುವುದಿಲ್ಲ ಎಂದು ಹಾಗೇ ನಿಲ್ಲಿಸಿದ್ದರು. ನಾನು ಮಂಡಿಯೂರಿ ಬೂಟು ಎಳೆದೆ. ಬೂಟಿನ ಜೊತೆ ಪಾದದ ಚರ್ಮ ಬಂತು. ಅವಳು ಕಿರುಚಲಿಲ್ಲ. ಕಿರುಚಿದರೂ ಶಿಕ್ಷೆಯೆಂದು ಹೆದರಿ ತನ್ನ ಮುಂಗೈಯನ್ನೇ ಕಚ್ಚಿ ಹಿಡಿದಿದ್ದಳು.

"ಏಯ್, ಬೂಟು ಹಾಕ್ಕೊಂಡು ಒಳಗೆ ನಡಿ," ಎಂದ ಸೂಪರ್‌ವೈಸರ್ ನನಗೆ. "ಅವಳು ಹೇಗೋ ಹೋಗ್ತಾಳೆ. ಇವತ್ತು ಒಳಗೆ ಬರ್ದಿದ್ರೆ ಗಂಟುಮೂಟೆ ಕಟ್ಕೋ."

ಬೂಟನ್ನು ಅವನ ಕಾಲ ಬುಡಕ್ಕೆ ಎಸೆದೆ. ಅವಳ ತೋಳನ್ನು ನನ್ನ ಕುತ್ತಿಗೆಗೆ ಹಾಕಿಕೊಂಡು ಕೋಣೆಗೆ ನಡೆದೆ. ಎತ್ತರದವಳು, ಇಡೀ ಭಾರ ನನ್ನ ಮೇಲಿತ್ತು. ಎದುರು ಬರುತ್ತಿದ್ದ ಹಗಲಿನವರು ದಾರಿ ಬಿಟ್ಟರು. ಯಾರೂ ಕೈ ಕೊಡಲಿಲ್ಲ.

ಮಂಚದ ಮೇಲೆ ಮಲಗಿಸಿ, ಪಾದಕ್ಕೆ ತಣ್ಣೀರಿನ ಬಟ್ಟೆ ಹಾಕಿ ಏಳಹೋದರೆ ಅವಳು ನನ್ನ ಕೈ ಬಿಡಲಿಲ್ಲ. ಉಗುರು ನೆಡುವ ಹಾಗೆ ಹಿಡಿದಿದ್ದಳು. ಅಂಥ ಹಿಡಿತವನ್ನು ನಾನು ಇಷ್ಟು ದಿನ ಚಾದರದ ಮೂಲೆಗಳಲ್ಲಿ ಕದಿಯುತ್ತಿದ್ದೆ. ಗೋಡೆಯ ಕಡೆ ಸರಿದು ಅವಳ ಪಕ್ಕ ಮಲಗಿ, ಇಬ್ಬರ ಮೇಲೂ ಕಂಬಳಿ ಎಳೆದುಕೊಂಡೆ.

ಪಾಳಿ ಶುರುವಾಗುವ ಎರಡನೆಯ ಗಂಟೆ ಹೊಡೆಯಿತು. ಪರದೆ ಸರಿದ ಸದ್ದಾಯಿತು. ಅಕ್ಕ ಮಂಚದ ಹತ್ತಿರ ಬಂದು ನಿಂತಳು.

"ಏಳೇ," ಅಂದಳು. "ಇಬ್ಬರು ಮಲಗೋ ಹಾಗಿಲ್ಲ."

"ಹೋಗಿ ಹೇಳು. ಹೇಳೋದು ನಿನಗೆ ಅಭ್ಯಾಸ ಇದೆಯಲ್ಲ."

"ಹುಚ್ಚಿ, ಇವತ್ತು ಸುಮ್ನೆ ಬಿಡಲ್ಲ ಅವನು. ಬೀದಿಗೆ ಎಸೀತಾನೆ. ಎದ್ದು ಹೋಗೇ, ಕಾಲಿಗೆ ಬೀಳ್ತೀನಿ."

ನಾನು ಅವಳ ಕಡೆ ತಿರುಗಲಿಲ್ಲ. ವರಾಂಡದಲ್ಲಿ ವಾರ್ಡನ್ನಿನ ಗೊಣಗಾಟ, ಅದರ ಹಿಂದೆ ಗಂಡಸಿನ ಹೆಜ್ಜೆ ಕೇಳಿತು. ಸೂಪರ್‌ವೈಸರ್ ಹೆಂಗಸರ ಕೋಣೆಗೆ ಚಪ್ಪಲಿ ಕೂಡ ಬಿಡದೆ ಬರುತ್ತಿದ್ದ. ಪಕ್ಕದವಳು ಗಡಗಡ ನಡುಗತೊಡಗಿದಳು.

"ಮಾತಾಡು," ಅಂದೆ ಅವಳಿಗೆ.

"ಏನ್ ಮಾತಾಡ್ಲಿ?" ಎಂದು ಪಿಸುಗುಟ್ಟಿದಳು.

"ಏನಾದ್ರೂ. ಪಿಸುಪಿಸು ಬೇಡ. ಜೋರಾಗಿ."

"ನಮ್ಮನೇಲಿ... ನಮ್ಮನೇಲಿ ಒಂದು ಕುಂಟ ನಾಯಿ ಇತ್ತು," ಅಂದಳು. ಧ್ವನಿ ಒಡೆದಿತ್ತು. "ನಾನು ಸ್ಕೂಲಿಗೆ ಹೋದ್ರೆ ಅದೂ ಹಿಂದೇನೇ ಬರ್ತಿತ್ತು."

"ಇನ್ನೂ ಜೋರಾಗಿ."

"ಮೇಷ್ಟ್ರು ಕಲ್ಲು ಹೊಡೆದು ಓಡಿಸ್ತಿದ್ರು! ಅದು ಆಚೆ ಹೋಗಿ ಕಿಟಕಿ ಕೆಳಗೆ ಕೂತ್ಕೊಳ್ತಿತ್ತು!"

ಕೋಣೆಯಲ್ಲಿ ಬೇರೆ ಸದ್ದೇ ಇರಲಿಲ್ಲ. ಪಾಳಿಗೆ ಹೊರಟವರು ಬಾಗಿಲಲ್ಲಿ ನಿಂತಿದ್ದರೋ, ಹೋಗಿಬಿಟ್ಟಿದ್ದರೋ ನನಗೆ ಕಾಣುತ್ತಿರಲಿಲ್ಲ. ಕಂಬಳಿ ನಮ್ಮ ಮೇಲಿಂದ ಕಿತ್ತು ಹೋಯಿತು. ಒಂದು ಕೈ ಬಂದು ನನ್ನ ಜುಟ್ಟಿಗೆ ಸುತ್ತಿಕೊಂಡು ಎಳೆಯಿತು. ನಾನು ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡೆ.

"ಆಮೇಲೆ?" ಎಂದು ಕೇಳಿದೆ.